ಮುನ್ನೂರು ವರ್ಷದ ಕಿಲುಬು

ಕಂಟ್ರಾಕ್ಟರ್ ಬಸವಂತಯ್ಯನವರು ಆನ್‌ಲೈನಿನಲ್ಲಿ ಪಾಳೇಗಾರರ ಕಾಲದ ತಾಮ್ರದ ನಾಣ್ಯ ತರಿಸಿದ್ದರು. ಕಿಲುಬು ಹಿಡಿದಿದೆಯಲ್ಲಾ ಎಂದು ಪಾತ್ರೆ ತೊಳೆಯುವ ಸಣ್ಣತಾಯಮ್ಮ ಅದನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಟ್ಟಳು.

ಬಸವಂತಯ್ಯ ಹಾರಾಡಿಬಿಟ್ಟರು. "ಅದು ಮುನ್ನೂರು ವರ್ಷದ ಕಿಲುಬು ಕಣೇ! ನಾಣ್ಯ ಅಸಲಿ ಅನ್ನೋದಕ್ಕೆ ಅದೇ ಸಾಕ್ಷಿ! ಭಾನುವಾರ ಸ್ನೇಹಿತರು ನೋಡೋಕೆ ಬರ್ತಾರೆ. ಅಷ್ಟರೊಳಗೆ ನನ್ನ ಮುನ್ನೂರು ವರ್ಷ ವಾಪಸ್ ತಂದಿಡು!"

"ಅದಕ್ಯಾಕೆ ಕೂಗಾಡ್ತೀರಾ ಯಜಮಾನ್ರೇ?" ಎಂದವಳು ನಾಣ್ಯಕ್ಕೆ ಉಪ್ಪಿನಕಾಯಿ ರಸ ಬಳಿದು ಕಿಟಕಿಯಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ನಾಣ್ಯ ಹಸಿರುಗಟ್ಟಿತ್ತು. ಬಸವಂತಯ್ಯ ಕನ್ನಡಕ ಏರಿಸಿ, ಮಾರಿದವರು ಕಳಿಸಿದ್ದ ಫೋಟೋ ಪಕ್ಕ ಹಿಡಿದರು. "ಭೇಷ್! ಅದೇ ಬಣ್ಣ, ಅದೇ ಕಲೆ!"

"ಹಂಗಾದ್ರೆ ಯಜಮಾನ್ರೇ, ಮಾರಿದೋರ ಮನೇಲೂ ಉಪ್ಪಿನಕಾಯಿ ಚೆನ್ನಾಗಿ ಹಾಕ್ತಾರೆ ಅನ್ನಿ!"

ಬಸವಂತಯ್ಯ ನಾಣ್ಯವನ್ನೂ ಫೋಟೋವನ್ನೂ ಮತ್ತೊಮ್ಮೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಬಂದ ಸ್ನೇಹಿತರಿಗೆ ಎಲೆಯ ತುದಿಗೆ ಉಪ್ಪಿನಕಾಯಿ ಬಿತ್ತು. ನಾಣ್ಯದ ಸುದ್ದಿಯನ್ನು ಯಾರೂ ಎತ್ತದಂತೆ ಬಸವಂತಯ್ಯ ಉಪ್ಪಿನಕಾಯಿಯನ್ನೇ ಮತ್ತೆ ಮತ್ತೆ ಬಡಿಸಿದರು.