ಬೀಗರು ತಂದ ಅರಿಶಿನ

ಬೇರಿನೊಳಗೆ ಬಣ್ಣವನ್ನೂ ಎಲೆಯೊಳಗೆ ಮದ್ದನ್ನೂ ಹೂವಿನೊಳಗೆ ಕಂಪನ್ನೂ ಇಟ್ಟು, ಅವುಗಳನ್ನು ಹುಡುಕುವ ಬುದ್ಧಿಯನ್ನು ನಮ್ಮೊಳಗೆ ಇಟ್ಟ ಆ ಕರುಣಾಳುವಿಗೆ ಮೊದಲ ನಮಸ್ಕಾರ. ಅವನ ಕೈಕೆಲಸವಾದ ಈ ಮೈಗೂ ಒಂದು ನಮಸ್ಕಾರ. ಇನ್ನು ನಮ್ಮ ಗುರುಗಳು ಹೇಳಿದ ಕತೆ.

ಶಿಷ್ಯೆ ಮಂದಾಕಿನಿ ಒಂದು ದಿನ ಕೇಳಿದಳು:

“ಗುರುಗಳೇ, ನಾನು ಸಾಬೂನು, ಮುಖಕ್ಕೆ ಹಚ್ಚುವ ಲೇಪ ಮಾಡಿ ಮಾರಿ ಬದುಕುವವಳು. ಬರೀ ಬೇರು, ಎಲೆ, ಎಣ್ಣೆ ಹಾಕಿ ಮಾಡಿದರೆ ಬಣ್ಣ ಮಂಕು, ಪರಿಮಳ ಬೇಗ ಹೋಗುತ್ತದೆ. ಸ್ವಲ್ಪ ಬೇರೆಯದನ್ನು ಬೆರೆಸಿದರೆ ಕೊಳ್ಳುವವರಿಗೆ ಸಂತೋಷ. ಅವರಿಗೆ ಸಂತೋಷವಾದರೆ ಅದೂ ಒಂದು ಸೇವೆಯಲ್ಲವೇ? ಎಷ್ಟರವರೆಗೆ ಬೆರೆಸಬಹುದು, ಹೇಳಿ.”

ಗುರುಗಳು ಉತ್ತರವಾಗಿ ಒಂದು ಕತೆಯನ್ನು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಮೈಗೆ ಹಚ್ಚುವ ಅರಿಶಿನದ ಪುಡಿ ಅವನ ವ್ಯಾಪಾರ. ಕಸ್ತೂರಿ ಅರಿಶಿನದ ಗೆಡ್ಡೆಯನ್ನು ಹೆಚ್ಚಿ ನೆರಳಿನಲ್ಲಿ ಒಣಗಿಸುವುದು, ಕಚೋರವೆಂಬ ಪರಿಮಳದ ಗೆಡ್ಡೆಯನ್ನೂ ಹೆಸರುಕಾಳನ್ನೂ ಸೇರಿಸಿ ಕುಟ್ಟಿಸುವುದು, ತೆಳು ಬಟ್ಟೆಯಲ್ಲಿ ಸೋಸುವುದು. ಅವನ ತಂದೆ ಮಾಡುತ್ತಿದ್ದುದೂ ಹೀಗೆಯೇ. ಪುಡಿ ಒಳ್ಳೆಯದು. ಆದರೆ ಮೈಗೆ ಹಚ್ಚುವ ಅರಿಶಿನ ಅಡುಗೆಯ ಅರಿಶಿನದ ಹಾಗಲ್ಲ. ಅದರ ಬಣ್ಣ ಪೇಲವ, ಚರ್ಮಕ್ಕೆ ಹಿಡಿಯುವುದೂ ಇಲ್ಲ. ಬಂದವರು ಒಂದು ಚಿಟಿಕೆಯನ್ನು ಅಂಗೈಗೆ ಉಜ್ಜಿ ನೋಡುವರು. ಯಜಮಾನರೇ, ಇದು ಅರಿಶಿನವೋ ಕಡಲೆಹಿಟ್ಟೋ ಎಂದು ನಕ್ಕು ಪಕ್ಕದ ಅಂಗಡಿಗೆ ನಡೆಯುವರು.

ವರ್ತಕನಿಗೆ ಆ ನಗು ನಾಟಿತು. ಬಟ್ಟೆಗೆ ಹಾಕುವ ಹಳದಿ ಬಣ್ಣವನ್ನು ತಂದು ಒಂದು ಚಿಟಿಕೆ ಬೆರೆಸಿದ. ಅದು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ಅರಿಶಿನ ಎಂದರೆ ಮಂಗಳ, ಮಂಗಳ ಎಂದರೆ ಕಣ್ಣು ತುಂಬುವ ಬಣ್ಣ, ಬಣ್ಣ ಹೆಚ್ಚಿದರೆ ಮಂಗಳವೂ ಹೆಚ್ಚಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಚಿಟಿಕೆ ಹಿಡಿಯಾಯಿತು, ಹಿಡಿ ಬೊಗಸೆಯಾಯಿತು. ಜೊತೆಗೆ ಸೀಸೆಯಿಂದ ಒಂದಿಷ್ಟು ಪರಿಮಳ. ಅಂಗಡಿಯ ಮುಂದೆ ಜನ ನೆರೆದರು. ಆ ಊರಲ್ಲಿ ಮದುವೆಯೆಂದರೆ ಅವನ ಅಂಗಡಿಯ ಅರಿಶಿನವೇ ಆಗಬೇಕಾಯಿತು.

ಯಾರೋ ಬಂದು ಮೈ ಉರಿಯುತ್ತದೆ ಎಂದರು. ನಿಮ್ಮ ಬಾವಿಯ ನೀರು ಗಡಸು ಎಂದ. ಇನ್ಯಾರೋ ಮಗುವಿನ ಕೆನ್ನೆಯಲ್ಲಿ ಗಂಧೆ ಎದ್ದಿತು ಎಂದರು. ಮಗುವಿನದು ಉಷ್ಣದ ಮೈ, ಎಳನೀರು ಕುಡಿಸಿ ಎಂದ.

ಆದರೆ ಮನೆಯಲ್ಲಿ ಅವನು ಬೇರೆ ಭರಣಿ ಇಟ್ಟಿದ್ದ. ಅದರಲ್ಲಿ ತಂದೆಯ ಕಾಲದ ಪುಡಿ, ಬರೀ ಬೇರಿನದು. ಅಂಗಡಿಯ ಭರಣಿಯನ್ನು ಮನೆಯವರು ಮುಟ್ಟಕೂಡದು, ಅದು ವ್ಯಾಪಾರದ್ದು ಎಂದು ಕಟ್ಟಪ್ಪಣೆ ಮಾಡಿದ್ದ. ಹೆಂಡತಿ ಅದನ್ನು ಬೇರೆಯೇ ಬಗೆಯಲ್ಲಿ ತಿಳಿದಿದ್ದಳು. ನಿಮ್ಮಪ್ಪ ಊರಿಗೆಲ್ಲ ಉದಾರಿ, ಮನೆಗೆ ಮಾತ್ರ ಜಿಪುಣ, ಒಳ್ಳೆಯದನ್ನೆಲ್ಲ ಮಾರಿ ಮಂಕಾದದ್ದನ್ನು ನಮಗೆ ತರುತ್ತಾರೆ ಎಂದು ಮಗಳ ಬಳಿ ಹೇಳಿ ನಗುತ್ತಿದ್ದಳು. ಅವನಿಗೆ ಅವಳೊಬ್ಬಳೇ ಮಗಳು. ಗೆಳತಿಯರ ಮದುವೆಯಲ್ಲಿ ಹೊಳೆಯುವ ಆ ಹಳದಿಯನ್ನು ಕಂಡು ಅವಳೂ ಆಸೆಪಡುತ್ತಿದ್ದಳು.

ಅವಳ ಮದುವೆಯೂ ಕೂಡಿಬಂತು. ಹೊಳೆಯಾಚೆಯ ಊರಿನ ಒಳ್ಳೆಯ ಮನೆತನ. ಆ ಕಡೆಯವರಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಮದುಮಗನಿಗೆ ಅರಿಶಿನ ಹಚ್ಚಿ, ಉಳಿದದ್ದನ್ನು ಬೆಳ್ಳಿಯ ಬಟ್ಟಲಿನಲ್ಲಿ ಮದುಮಗಳಿಗೆ ತರುತ್ತಾರೆ. ಒಂದೇ ಬಟ್ಟಲಿನ ಅರಿಶಿನ ಇಬ್ಬರ ಮೈಗೂ ಸೋಕಿದ ಮೇಲೆಯೇ ಮುಂದಿನ ಶಾಸ್ತ್ರ. ಬಂದ ಬಟ್ಟಲನ್ನು ಬೇಡವೆಂದರೆ ಸಂಬಂಧವನ್ನೇ ಬೇಡವೆಂದಂತೆ.

ಬೀಗರು ತಾವು ಇಳಿದುಕೊಂಡಿದ್ದ ಬಿಡದಿಯ ಮನೆಯಿಂದ ವಾದ್ಯದೊಡನೆ ಬಂದರು. ಮದುಮಗನ ತಾಯಿಯ ಕೈಯಲ್ಲಿ ಬಟ್ಟಲು. ವರ್ತಕ ಎದುರುಗೊಳ್ಳಲು ಹೋದವನು ಬಟ್ಟಲನ್ನು ಕಂಡು ನಿಂತುಬಿಟ್ಟ. ಅಂಥ ಹಳದಿ ಯಾವ ಬೇರಿನಲ್ಲೂ ಇಲ್ಲ. ಅದು ಅವನೇ ಕಲಸಿದ ಹಳದಿ. ಬೀಗಿತಿ ಹೆಮ್ಮೆಯಿಂದ ಹೇಳಿದರು, ನಿಮ್ಮ ಅಂಗಡಿಯದ್ದೇ ಆಗಬೇಕೆಂದು ಹಟ ಹಿಡಿದು ಆಳನ್ನು ಕಳಿಸಿ ತರಿಸಿದೆ ಎಂದು.

ಇದು ಹಳೆಯದಿರಬೇಕು, ಮನೆಯದನ್ನೇ ಹಚ್ಚೋಣ ಎಂದು ವರ್ತಕ ತಡವರಿಸಿದ. ತನ್ನ ಸರಕನ್ನು ತಾನೇ ಹಳಿಯುವ ವರ್ತಕನನ್ನು ಇವತ್ತೇ ಕಂಡದ್ದು ಎಂದು ಬೀಗಿತಿ ನಕ್ಕರು. ಹೆಂಗಸರೂ ನಕ್ಕರು. ಅವನು ಮತ್ತೆ ಬೇಡವೆಂದಾಗ ನಗು ನಿಂತಿತು. ಹಾಗಾದರೆ ನಮ್ಮ ಬಟ್ಟಲನ್ನು ಹಿಂದಕ್ಕೆ ಕಳಿಸುತ್ತೀರಾ ಎಂದು ಬೀಗಿತಿ ಕೇಳಿದರು. ವಾದ್ಯದವರೂ ನುಡಿಸುವುದನ್ನು ಬಿಟ್ಟು ನೋಡಿದರು. ಬೇಡವೆಂದರೆ ಮಗಳ ಮದುವೆ ಮುರಿಯುತ್ತದೆ. ಸುಮ್ಮನಿದ್ದರೆ ಮಗಳ ಮೈ ಸುಡುತ್ತದೆ. ನಿಜ ಹೇಳಿದರೆ ತಂದೆಯ ಕಾಲದಿಂದ ಬಂದ ಹೆಸರು ಬೀದಿಗೆ ಬೀಳುತ್ತದೆ.

ಹಸೆಯ ಮೇಲೆ ಕುಳಿತಿದ್ದ ಮಗಳು ಮುಖವನ್ನು ಮುಂದೆ ಚಾಚಿದಳು. “ಹಚ್ಚಿ ಅತ್ತೆ. ಅಪ್ಪನ ಕೈಯ ಒಳ್ಳೆಯ ಅರಿಶಿನ ಕಡೆಗೂ ನನ್ನ ಪಾಲಿಗೆ ಬಂತು.”

ಬೀಗಿತಿ ಬೆರಳನ್ನು ಅದ್ದಿ ಕೈ ಚಾಚಿದರು. ವರ್ತಕ ತನ್ನ ಅಂಗೈಯನ್ನು ಮಗಳ ಕೆನ್ನೆಗೆ ಅಡ್ಡ ಹಿಡಿದ.

“ಬೇಡ ತಾಯಿ. ಅದರಲ್ಲಿರುವುದು ಬಟ್ಟೆಯ ಬಣ್ಣ. ಬೆರೆಸಿದವನು ನಾನು.”

ಬೀಗಿತಿ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ದನಿ ಎತ್ತದೆ ಕೇಳಿದರು.

“ಬೆಳಿಗ್ಗೆ ನನ್ನ ಮಗನ ಮೈತುಂಬ ಇದನ್ನೇ ಹಚ್ಚಿ ಬಂದಿದ್ದೇನೆ ಬೀಗರೇ. ಅವನು ನಿಮಗೆ ಏನೂ ಆಗಬೇಕಾದವನಲ್ಲವೇ?”

ವರ್ತಕ ಅಲ್ಲಿಯವರೆಗೆ ಮಗಳೊಬ್ಬಳನ್ನೇ ನೆನೆದಿದ್ದ. ಅಳಿಯನ ನೆನಪು ಅವನಿಗೆ ಬಂದಿರಲಿಲ್ಲ. ನೀರು ಗಡಸೆಂದು ಹಿಂದಕ್ಕೆ ಕಳಿಸಿದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವನು ಬೀಗಿತಿಯ ಕಾಲ ಬಳಿ ಕುಳಿತುಬಿಟ್ಟ.

ಆ ತಾಯಿ ದೊಡ್ಡವರು. ಎದ್ದು ಹೋಗಲಿಲ್ಲ. ಮಗನ ಮೈ ತೊಳೆಸಿ, ಮಜ್ಜಿಗೆ ಸವರಿ ಎಂದು ಬಿಡದಿಗೆ ಆಳನ್ನು ಅಟ್ಟಿದರು. ಮನೆಯ ಭರಣಿಯನ್ನು ತರಿಸಿದರು. ಒಂದು ಚಿಟಿಕೆಯನ್ನು ನೀರಲ್ಲಿ ಕಲಸಿ ಮೊದಲು ತಮ್ಮ ಮೊಳಕೈಯ ಒಳಭಾಗಕ್ಕೆ ಹಚ್ಚಿಕೊಂಡು ಕುಳಿತರು. ಮುಹೂರ್ತಕ್ಕೆ ತಡವಾಗುತ್ತದೆ ಎಂದು ಪುರೋಹಿತರು ಗೊಣಗಿದರು. ಚರ್ಮಕ್ಕೆ ಮುಹೂರ್ತ ತಿಳಿಯುವುದಿಲ್ಲ ಸ್ವಾಮಿ, ಕೂತಿರಿ ಎಂದರು ಬೀಗಿತಿ. ಉರಿಯಲಿಲ್ಲ, ಕೆರೆತವೂ ಇಲ್ಲ. ಆಗ ಸೊಸೆಯ ಕೆನ್ನೆಗೆ ಹಚ್ಚಿದರು. ಅದೇ ಬಟ್ಟಲನ್ನು ತೊಳೆದು, ಉಳಿದದ್ದನ್ನು ಅದರಲ್ಲಿ ತುಂಬಿಸಿ, ಮಗನ ಪಾದಕ್ಕೆ ಶಾಸ್ತ್ರಕ್ಕಷ್ಟು ಸೋಕಿಸಲು ಬಿಡದಿಗೆ ಒಯ್ದರು. ಆ ಮನೆತನದಲ್ಲಿ ಮದುಮಗಳ ಅರಿಶಿನ ಮದುಮಗನ ಕಡೆಗೆ ನಡೆದದ್ದು ಅದೇ ಮೊದಲು.

ಮದುವೆ ನಡೆಯಿತು. ಮದುಮಗನ ಕುತ್ತಿಗೆಯ ಸುತ್ತ ಕೆಂಪು ಗಂಧೆ ಎದ್ದಿತ್ತು. ಕೆರೆದುಕೊಳ್ಳಲೂ ಆಗದೆ ಅವನು ಹಾಗೆಯೇ ಧಾರೆಗೆ ಕುಳಿತ. ಧಾರೆ ಎರೆಯುವಾಗ ವರ್ತಕನ ಕಣ್ಣು ಆ ಕುತ್ತಿಗೆಯಿಂದ ಕದಲಲಿಲ್ಲ.

ಆಮೇಲೆ ಅವನ ಅಂಗಡಿಯಲ್ಲಿ ಒಂದೇ ಭರಣಿ. ಬಣ್ಣ ಎಲ್ಲಿ ಎಂದು ಕೇಳಿದವರಿಗೆ, ಬೇರಿಗೆ ದೇವರು ಕೊಟ್ಟ ಬಣ್ಣ ಇಷ್ಟೇ ಎನ್ನುತ್ತಿದ್ದ. ಬೇರಾದರೂ ಎಲ್ಲರ ಮೈಗೂ ಒಗ್ಗಬೇಕೆಂದಿಲ್ಲ, ಮೊದಲು ಮೊಳಕೈಗೆ ಹಚ್ಚಿ, ಒಂದು ದಿನ ಬಿಟ್ಟು ಮುಖಕ್ಕೆ ಹಚ್ಚಿ ಎಂದು ಹೇಳಿಯೇ ಪೊಟ್ಟಣ ಕಟ್ಟುತ್ತಿದ್ದ. ಕೆಲವರು ನಕ್ಕು ಪಕ್ಕದ ಅಂಗಡಿಗೆ ಹೋದರು. ಅವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಆದರೆ ಎಳೆ ಮಗುವಿರುವ ತಾಯಂದಿರು ಬಂದರು. ಹೆರಿಗೆಗೆ ಬಂದ ಮಗಳು ಮೊಮ್ಮಗುವಿನ ಸ್ನಾನಕ್ಕೆ ಪುಡಿ ಬೇಕೆಂದಾಗ, ಅವನು ಅಂಗಡಿಯ ಭರಣಿಯನ್ನೇ ಕೈಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಮಂದಾಕಿನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು: “ನಾನು ಬೆರೆಸುವುದು ಬಟ್ಟೆಯ ಬಣ್ಣವಲ್ಲ ಗುರುಗಳೇ. ಎಲ್ಲರೂ ಬೆರೆಸುವುದನ್ನೇ ನಾನೂ ಬೆರೆಸುವುದು. ಎಷ್ಟರವರೆಗೆ ಎಂದು ನೀವು ಹೇಳಲೇ ಇಲ್ಲ.”

ಗುರುಗಳು ಅವಳ ಮುಖವನ್ನು ಅಕ್ಕರೆಯಿಂದ ನೋಡಿದರು.

“ಈ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಯಾವ ಸಾಬೂನು ತೆಗೆದುಕೊಂಡೆ, ತಾಯಿ?”

ಮಂದಾಕಿನಿ ತಲೆ ತಗ್ಗಿಸಿದಳು.

ಇದನ್ನು ಕೇಳಿದವರ ಮೈ ತಂಪಾಗಿರಲಿ, ಅವರ ಮನೆಯ ಮಕ್ಕಳ ಕೆನ್ನೆ ನಗುನಗುತ್ತಿರಲಿ. ಕೊಳ್ಳುವ ಕೈಯನ್ನೂ ಕೊಡುವ ಕೈಯನ್ನೂ ಆ ಕರುಣಾಳು ಸದಾ ಕಾಯಲಿ.