ಮುಚ್ಚಳ ತೆಗೆದು ನೋಡೋ ಗವಿರಂಗಯ್ಯ

"ಮರಿಗೆ ಕೈಯಾರೆ ತಿನ್ನಿಸಬೇಕೋ, ಅಪ್ಪ ಅಮ್ಮ ಹಕ್ಕಿಗೇ ಬಿಡಬೇಕೋ ಅಂತ ನನ್ನ ಕೇಳ್ತೀರಲ್ಲ ಮೇಡಂ, ಊರಲ್ಲಿ ಇನ್ಯಾರೂ ಸಿಗ್ಲಿಲ್ವಾ ನಿಮಗೆ? ಒಂದು ತಿಂಗಳಿಂದ ನಂಗೆ ಕೂತಲ್ಲೇ ತೂಕಡಿಕೆ. ನಿಮ್ಮ ಬ್ಲೌಸಿಗೆ ಮೂರು ತೋಳು ಬಂದ್ರೆ ಬೇಜಾರ್ ಮಾಡ್ಕೋಬೇಡಿ."

ಹೀಗೆ ಗೊಣಗಿದ್ದು ಹುಳಿಯಾರು ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ಟೈಲರ್ ಗವಿರಂಗಯ್ಯ. ಕೇಳಿದ್ದು ಹೈಸ್ಕೂಲಿನ ನಳಿನಾಕ್ಷಿ ಮೇಡಂ. ಅವರ ಮನೇಲಿ ಸಾಕಿದ್ದ ಕಾಕಟೀಲ್ ಅನ್ನೋ ಗಿಣಿ ಜಾತಿ ಹಕ್ಕಿ ಮರಿ ಮಾಡಿತ್ತು. ಗವಿರಂಗಯ್ಯನ ಮನೇಲೂ ಮಾಡಿದೆ ಅನ್ನೋ ಸುದ್ದಿ ಕೇಳಿ, ಬ್ಲೌಸ್ ಪೀಸ್ ಒಂದು ನೆಪಕ್ಕೆ ಹಿಡ್ಕೊಂಡು ಬಂದಿದ್ರು. ಗವಿರಂಗಯ್ಯ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ಹೇಳೋಕೆ ಶುರು ಮಾಡಿದ. ಕತೆ ಇಷ್ಟು.

ಗವಿರಂಗಯ್ಯಂಗೆ ಐವತ್ತೆರಡು ವಯಸ್ಸು. ಅಂಗಡಿ ಅಂದ್ರೆ ಮನೆ ಜಗುಲೀನೇ. ಇಪ್ಪತ್ತೆಂಟು ವರ್ಷದಿಂದ ಅವನ ಹೆಗಲ ಮೇಲೆ ಅಳತೆ ಟೇಪ್ ಬಿಟ್ರೆ ಬೇರೆ ಯಾವುದೂ ಕೂತಿರ್ಲಿಲ್ಲ. ಹೋದ ವರ್ಷ ತುಮಕೂರಿಂದ ಒಂದು ಜೋಡಿ ಕಾಕಟೀಲ್ ತಂದು ಮೆಷಿನ್ ಪಕ್ಕದಲ್ಲೇ ಪಂಜರ ಇಟ್ಟ. ಬೂದು ಮೈ, ತಲೆ ಮೇಲೆ ಜುಟ್ಟು, ಕೆನ್ನೇಲಿ ಕಿತ್ತಳೆ ಬಣ್ಣದ ಬೊಟ್ಟು. ಪಂಜರಕ್ಕೆ ಮುಚ್ಚಳ ಇರೋ ಒಂದು ಮರದ ಪೆಟ್ಟಿಗೆ ಕಟ್ಟಿದ. ಹೆಣ್ಣು ಅದರೊಳಗೆ ನಾಲ್ಕು ಮೊಟ್ಟೆ ಇಡ್ತು. ಹಗಲೆಲ್ಲ ಗಂಡು ಕಾವು ಕೂರೋದು, ಸಂಜೆ ಆದ್ಮೇಲೆ ಹೆಣ್ಣು. ಗಂಡು ಬೆಳಿಗ್ಗೆ ಒಳಗೆ ಹೋದ್ರೆ ಹೊರಗೆ ಬರೋದು ಇಳಿಹೊತ್ತಿಗೆ. ಸರ್ಕಾರಿ ಕೆಲಸದವರಿಗಿಂತ ಶಿಸ್ತು.

ಮೊಟ್ಟೆ ಎರಡು ದಿನಕ್ಕೊಂದರಂತೆ ಒಡೀತು. ಹಾಗಾಗಿ ಮೊದಲನೇದು ನಿಂಬೆಹಣ್ಣಿನಷ್ಟು ಆಗೋ ಹೊತ್ತಿಗೆ ಕೊನೇದು ಇನ್ನೂ ಹೆಬ್ಬೆರಳಷ್ಟು. ಮೈಮೇಲೆ ಹಳದಿ ನೂಲು ಅಂಟಿಸಿದ ಹಾಗೆ ಅಲ್ಲಲ್ಲಿ ಕೂದಲು, ಮುಚ್ಚಿದ ಕಣ್ಣು. ನೋಡೋಕೆ ಚೆಂದ ಅಂತ ಹೇಳೋಕಾಗಲ್ಲ. ಗವಿರಂಗಯ್ಯಂಗೆ ಮಾತ್ರ ಅದರ ಮೇಲೇ ಜೀವ.

ಹಕ್ಕಿ ಮಾರೋ ಅಂಗಡಿಯವನು ಫೋನಲ್ಲಿ ಹೇಳಿದ್ದ: ಮರೀನ ಈಗ್ಲೇ ತೆಗೆದು ಕೈಯಾರೆ ತಿನ್ನಿಸಿದ್ರೆ ಆಮೇಲೆ ಅದು ನಿಮ್ಮ ಹೆಗಲು ಬಿಟ್ಟು ಇಳಿಯಲ್ಲ ಅಂತ. ಗವಿರಂಗಯ್ಯ ಸಿರಿಂಜೂ ಪೌಡರ್ ಡಬ್ಬೀನೂ ತರಿಸಿಕೊಂಡ. ಆದ್ರೂ ಮನಸ್ಸು ಒಪ್ಪಲಿಲ್ಲ. ಅಪ್ಪ ಅಮ್ಮ ತಿನ್ನಿಸ್ತಾ ಇದ್ರೆ ಕೀಳಬಾರ್ದು, ತಿನ್ನಿಸದೇ ಇದ್ರೆ ಮಾತ್ರ ಕೀಳೋದು ಅಂತ ತನಗೆ ತಾನೇ ಒಂದು ಕಾನೂನು ಮಾಡ್ಕೊಂಡ. ಒಳ್ಳೇ ಕಾನೂನೇ. ತಿನ್ನಿಸ್ತಾ ಇದ್ದಾವೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ನೋಡಬೇಕು. ನೋಡೋಕೆ ಶುರು ಮಾಡಿದ.

ಒಂದು ಕಾಲರ್ ಮುಗೀತು, ಮೆಷಿನ್ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದ. ಒಂದು ತೋಳು ಮುಗೀತು, ನೋಡಿದ. ಕಾಜಾ, ಗುಂಡಿ, ನೋಡಿದ. ಪ್ರತಿ ಸಲಾನೂ ಗಂಡು ಹಕ್ಕಿ ಮರಿಗಳ ಮೇಲೆ ರೆಕ್ಕೆ ಹರಡಿ, ಅತ್ತಿತ್ತ ತೂಗಿ, ಹಾವಿನ ಹಾಗೆ ಬುಸ್ ಅನ್ನೋದು. ಒಂದೇ ಒಂದು ಸಲಾನೂ ತುತ್ತು ಕೊಡ್ತಾ ಇದ್ದಿದ್ದು ಕಾಣಲಿಲ್ಲ. ನಾಲ್ಕನೇ ದಿನಕ್ಕೆ ಚಿಕ್ಕ ಮರಿಯ ಗಂಟಲ ಕೆಳಗಿನ ಚೀಲ ಖಾಲಿ ಬಿದ್ದು ಸುಕ್ಕುಗಟ್ಟಿತ್ತು. ಗವಿರಂಗಯ್ಯ ಗಂಡು ಹಕ್ಕೀಗೆ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಹೆತ್ತ ಮಕ್ಕಳಿಗೆ ಅನ್ನ ಹಾಕದೆ ದಿನಪೂರ್ತಿ ಒಳಗೆ ಕೂತು ಏನು ಕಡೀತೀಯ ಅನ್ನೋದು ಅದರ ಒಟ್ಟು ಅರ್ಥ.

ಚಿಕ್ಕ ಮರೀನ ತೆಗೆದು ಬುಟ್ಟೀಲಿ, ಕತ್ತರಿಸಿ ಉಳಿದ ಬಟ್ಟೆ ಚೂರಿನ ಮೇಲೆ ಮಲಗಿಸಿದ. ಎರಡೆರಡು ಗಂಟೆಗೊಂದು ಸಲ ನೀರು ಕಾಯಿಸಿ, ಪೌಡರ್ ಕಲಸಿ, ಸಿರಿಂಜಲ್ಲಿ ಹನಿ ಹನಿ ಬಿಟ್ಟ. ಗಂಜಿ ಒಂದು ಸಲ ಗಂಟಾಯ್ತು, ಒಂದು ಸಲ ನೀರಾಯ್ತು, ಒಂದು ಸಲ ಸಿರಿಂಜ್ ಜಾರಿ ಮದುವಣಗಿತ್ತಿಯ ರೇಷ್ಮೆ ಬ್ಲೌಸ್ ಮೇಲೆ ಚೆಲ್ಲಿತು. ಅದನ್ನ ಒರೆಸೋ ಗಡಿಬಿಡೀಲಿ ಎಡ ತೋಳನ್ನ ಬಲಕ್ಕೆ ಹೊಲಿದ. ಬಿಚ್ಚಿದ. ಮತ್ತೆ ಎಡಾನೇ ಬಲಕ್ಕೆ ಹೊಲಿದ.

ಮಾರನೇ ದಿನ ಮಧ್ಯಾಹ್ನಕ್ಕೆ ಮರಿಯ ಚೀಲ ಉಬ್ಬಿ ಬಿಗಿಯಾಗಿತ್ತು, ಇಳೀತಾನೇ ಇರ್ಲಿಲ್ಲ. ತಲೆ ಎತ್ತೋಕೂ ಆಗ್ತಿರ್ಲಿಲ್ಲ ಅದಕ್ಕೆ. ಉಳಿದ ಮೂರೂ ಸೊರಗಿದ ಹಾಗೆ ಕಾಣ್ತು. ನಾಲ್ಕನ್ನೂ ಹೊರಗೆ ತೆಗೆಯೋದೇ ಸರಿ ಅಂತ ಗವಿರಂಗಯ್ಯ ಎರಡನೇ ಬುಟ್ಟಿ ಹುಡುಕ್ತಾ ಇದ್ದಾಗ ಹೆಂಡತಿ ಗಂಗಲಕ್ಷ್ಮಿ ಕೆಲಸ ಮುಗಿಸಿ ಬಂದಳು. ಅವಳು ಅಂಗನವಾಡಿ ಟೀಚರ್. ದಿನಕ್ಕೆ ಇಪ್ಪತ್ತಾರು ಮಕ್ಕಳಿಗೆ ಉಣ್ಣಿಸಿ ಬರೋಳು, ನಾಲ್ಕು ಮರಿಗೆ ಗಾಬರಿ ಬೀಳೋಳಲ್ಲ.

ಮೊದಲು ದನದ ಆಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿದಳು. ತನಗೆ ಗೊತ್ತಿರೋದು ಎಮ್ಮೆ, ಹಸು ಅಷ್ಟೇ ಅಂತ ಅವರು ಮೊದಲೇ ಕೈ ತೊಳ್ಕೊಂಡು, ಆಮೇಲೆ ಪರಿಚಯದ ಇನ್ನೊಬ್ಬ ಡಾಕ್ಟರನ್ನ ಕೇಳಿ ಹೇಳಿದ್ರು: ಗಂಜಿ ತಣ್ಣಗಾಗಿದ್ದಕ್ಕೇ ಹೀಗಾಗಿರೋದು, ಇನ್ನು ಗಂಜಿ ಬೇಡ, ಬೆಚ್ಚಗಿಡಿ, ಎರಡು ಹನಿ ಬೆಚ್ಚಗಿನ ನೀರು ಕೊಡಿ. ಹಾಗೇ ಮಾಡಿದ್ರು. ನಾಲ್ಕು ಗಂಟೆ ಹೊತ್ತಿಗೆ ಚೀಲ ಇಳೀತು. ಮರಿ ತಲೆ ಎತ್ತಿ ಸಣ್ಣಗೆ ಕಿಚಿಗುಟ್ಟೋಕೆ ಶುರು ಮಾಡ್ತು. ಹಸಿವು.

ಗವಿರಂಗಯ್ಯ ಸಿರಿಂಜಿಗೆ ಕೈ ಹಾಕಿದ. ಗಂಗಲಕ್ಷ್ಮಿ ಅದನ್ನ ಎತ್ತಿಟ್ಟಳು.

"ಮರೀನ ಅದರಪ್ಪನ ಹತ್ರ ಬಿಡಿ."

"ಅವನು ತಿನ್ನಿಸಲ್ಲ ಕಣೇ. ಐದು ದಿನದಿಂದ ಬಗ್ಗಿ ಬಗ್ಗಿ ನೋಡಿದೀನಿ."

"ಅದಕ್ಕೇ ತಿನ್ನಿಸ್ತಿಲ್ಲ," ಅಂದಳು ಗಂಗಲಕ್ಷ್ಮಿ. "ನಮ್ ಅಂಗನವಾಡೀಲಿ ಹೊಸ ಮಗು ಸೇರಿದಾಗ ಅಮ್ಮ ಕಿಟಕೀಲೇ ನಿಂತಿರ್ತಾಳೆ. ಅವಳು ನಿಂತಿರೋವರ್ಗೂ ಮಗು ತಟ್ಟೆ ಮುಟ್ಟಲ್ಲ. ಅವಳಿಗೆ ನನ್ನ ಮೇಲೆ ಕೋಪ, ಟೀಚರ್ ನನ್ನ ಮಗೂಗೆ ಊಟಾನೇ ಹಾಕಲ್ಲ ಅಂತ. ಅವಳು ಆ ಕಡೆ ಹೋಗ್ಲಿ, ತಟ್ಟೆ ಖಾಲಿ."

"ಆಗ್ಲೂ ತಿನ್ನಿಸದೆ ಸತ್ತು ಹೋದ್ರೆ?"

ತಿನ್ನಿಸಿಲ್ಲ ಅಂತ ಕಂಡ್ರೆ ನಾಳೆಯಿಂದ ತಾನೇ ರಜ ಹಾಕಿ ಕೂತು ತಿನ್ನಿಸ್ತೀನಿ ಅಂದಳು. ಬೆಳಿಗ್ಗೆ ಎರಡು ಹಕ್ಕೀನೂ ಕಾಳು ತಿನ್ನೋಕೆ ಹೊರಗೆ ಬಂದಾಗ ಒಂದು ಸಲ ನೋಡಬಹುದು. ಅಲ್ಲೀವರ್ಗೂ ಮುಚ್ಚಳ ಮುಟ್ಟೋ ಹಾಗಿಲ್ಲ.

ಮರೀನ ಒಳಗೆ ಬಿಟ್ಟು ಮುಚ್ಚಳ ಹಾಕಿದ್ದಾಯ್ತು. ಗವಿರಂಗಯ್ಯ ಮೆಷಿನ್ನನ್ನ ಬೀದಿ ಕಡೆಗೆ ತಿರುಗಿಸಿ, ಪಂಜರಕ್ಕೆ ಬೆನ್ನು ಹಾಕಿ ಕೂತ. ಮೆಷಿನ್ ತುಳಿಯೋಕೆ ಮನಸ್ಸಾಗಲಿಲ್ಲ. ಸೀರೆಗೆ ಫಾಲ್ ಹಚ್ಚೋದಿತ್ತು, ಕೈಯಲ್ಲೇ ಹೊಲಿಯೋಕೆ ಹಿಡ್ಕೊಂಡ. ಸೂಜಿ ಬಟ್ಟೇಗೆ ಎಷ್ಟು ಸಲ ಹೋಯ್ತೋ ಬೆರಳಿಗೂ ಅಷ್ಟೇ ಸಲ ಹೋಯ್ತು. ಕತ್ತು ತಾನಾಗೇ ಹಿಂದಕ್ಕೆ ತಿರುಗೋದು, ಅವನು ಅದನ್ನ ಮುಂದಕ್ಕೆ ತರೋನು.

ಕಾಲು ಗಂಟೆ ಏನೂ ಇಲ್ಲ. ಬೀದೀಲಿ ಒಂದು ಲಗೇಜ್ ಆಟೋ ಹೋಯ್ತು. ಅದರ ಸದ್ದು ಅಡಗಿದ ಮೇಲೆ ಬೆನ್ನ ಹಿಂದಿಂದ ಒಂದು ಶಬ್ದ ಬಂತು. ಎಣ್ಣೆ ಕಾಣದ ಬಾವಿ ರಾಟೆ ಬೇಗ ಬೇಗ ಎಳೆದ ಹಾಗೆ, ಕಿಚಿಕಿಚಿಕಿಚಿ ಅಂತ. ನಿಲ್ತು. ಮತ್ತೆ ಬಂತು, ಈ ಸಲ ಬೇರೆ ದನಿ. ಗವಿರಂಗಯ್ಯ ಸೂಜಿ ನಿಲ್ಲಿಸಿ ಎಣಿಸಿದ. ಒಂದು ಮರಿ, ಎರಡು, ಮೂರು. ಅಪ್ಪ ತುತ್ತು ಕೊಡ್ತಾ ಇತ್ತು. ಇಷ್ಟು ದಿನ ಮೆಷಿನ್ ಓಡ್ತಿದ್ದಾಗ ಈ ಸದ್ದು ಕೇಳ್ತಿರ್ಲಿಲ್ಲ. ಮೆಷಿನ್ ನಿಂತ ತಕ್ಷಣ ಇವನ ಮುಖ ಬರುತ್ತೆ ಅಂತ ಹಕ್ಕಿಗೂ ಗೊತ್ತಾಗಿ, ಆಗ ಅದೂ ನಿಲ್ಲಿಸ್ತಿತ್ತು.

ನಾಲ್ಕನೇ ದನಿ ಬರಲಿಲ್ಲ. ಗವಿರಂಗಯ್ಯ ಎದ್ದು ನಿಂತ. ಕೂತ. ಮತ್ತೆ ಎದ್ದ. ಅಡುಗೆ ಮನೆ ಬಾಗಿಲಲ್ಲಿ ಗಂಗಲಕ್ಷ್ಮಿ ಸೊಪ್ಪು ಸೋಸ್ತಾ ಕೂತಿದ್ದಳು. ಅವಳೂ ಅವನ ಕಡೆ ನೋಡಲಿಲ್ಲ. ಅವನು ಸೀರೆಯನ್ನ ಎತ್ಕೊಂಡು ಬೀದಿಗಿಳಿದು, ಎದುರು ಕಟ್ಟೆ ಮೇಲೆ ಕೂತು ಫಾಲ್ ಹೊಲಿದ. ಹೋಗೋ ಬರೋರೆಲ್ಲ ಯಾಕಣ್ಣ ಇಲ್ಲಿ, ಮನೇಲಿ ಜಗಳಾನಾ ಅಂತ ಕೇಳಿದ್ರು. ಹೌದು ಅಂದ. ವಿವರಿಸೋಕೆ ಸುಸ್ತು.

ಬೆಳಿಗ್ಗೆ ಎರಡು ಹಕ್ಕೀನೂ ಕಾಳಿನ ಬಟ್ಟಲ ಹತ್ರ ಇಳಿದ್ವು. ಗವಿರಂಗಯ್ಯ ಮುಚ್ಚಳ ತೆಗೆದ. ನಾಲ್ಕೂ ಒಂದರ ಮೇಲೊಂದು ಬಿದ್ಕೊಂಡಿದ್ವು. ಚಿಕ್ಕದು ಎಲ್ಲಕ್ಕಿಂತ ಕೆಳಗೆ. ಅದನ್ನ ಅಂಗೈ ಮೇಲೆ ಎತ್ಕೊಂಡ. ಗಂಟಲ ಚೀಲ ತುಂಬಿ ತುಳುಕ್ತಿತ್ತು. ತೆಳ್ಳನೆ ಚರ್ಮದೊಳಗಿಂದ ನವಣೆ ಕಾಳು ಒಂದೊಂದೇ ಕಾಣ್ತಿದ್ವು. ಗವಿರಂಗಯ್ಯ ಅದನ್ನ ಹಾಗೇ ವಾಪಸ್ ಇಟ್ಟು, ಮುಚ್ಚಳ ಹಾಕಿ, ಮೆಷಿನ್ ಹತ್ರ ಹೋಗಿ ಕೂತ.

ಆಮೇಲಿನ ಮೂರು ವಾರ ದಿನಕ್ಕೆ ಒಂದೇ ಸಲ ನೋಡಿದ. ರಾತ್ರಿ ಮಾತ್ರ ಕಿವಿ ಪೆಟ್ಟಿಗೆ ಕಡೆಗೇ, ನಿದ್ದೆ ಇಲ್ಲ. ಈಗ ನಾಲ್ಕೂ ಪೆಟ್ಟಿಗೆಯಿಂದ ಹೊರಗೆ ಬಂದಿವೆ. ಚಿಕ್ಕದು ಎಲ್ಲಕ್ಕಿಂತ ತಡವಾಗಿ ಬಂತು, ಹಾರೋಕೆ ಹೋಗಿ ನೀರಿನ ಬಟ್ಟಲಲ್ಲೇ ಬಿತ್ತು. ಯಾವ ಮರೀನೂ ಅಂಗಡಿಯವನು ಹೇಳಿದ ಹಾಗೆ ಹೆಗಲ ಮೇಲೆ ಕೂರಲ್ಲ. ಅಂಗೈಲಿ ನವಣೆ ಹಿಡಿದು ಬೇರೆ ಕಡೆ ನೋಡ್ತಾ ಕೂತ್ರೆ, ಒಂದೆರಡು ಬಂದು ತಿಂದು ಹೋಗ್ತವೆ. ಅದೇ ಸಾಕು ಅಂತಾನೆ ಗವಿರಂಗಯ್ಯ.

ಕತೆ ಕೇಳಿ ನಳಿನಾಕ್ಷಿ ಮೇಡಂ ಫೋನನ್ನ ಬ್ಯಾಗಿಗೆ ಹಾಕ್ಕೊಂಡ್ರು. ಮರಿಗಳ ಫೋಟೋ ತೋರಿಸೋಣ ಅಂತ ಅದನ್ನ ಹೊರಗೆ ತೆಗೆದಿದ್ರು, ಆ ದಿನ ಬೆಳಿಗ್ಗೆಯಿಂದ ಮುಚ್ಚಳ ತೆಗೆದು ಹೊಡೆದ ಫೋಟೋನೇ ಮೂವತ್ತು ಇದ್ವು.

ನೀತಿ: ಯಾರೂ ನೋಡ್ಕೊಳ್ತಾ ಇಲ್ಲ ಅಂತ ತೀರ್ಮಾನ ಮಾಡೋಕೆ ಮುಂಚೆ, ನೋಡ್ಕೊಳ್ಳೋರಿಗೆ ನಾವೇ ಅಡ್ಡ ನಿಂತಿದ್ದೀವಾ ಅಂತ ಯೋಚನೆ ಮಾಡಬೇಕು. ಅಪ್ಪ ಅಮ್ಮ ಇಲ್ಲದ ಮರಿಗೆ, ಅವು ಕೈಬಿಟ್ಟ ಮರಿಗೆ, ಗೊತ್ತಿರೋರನ್ನ ಕೇಳಿ ಕೈಯಾರೆ ತಿನ್ನಿಸಿ. ಉಳಿದವಕ್ಕೆ ದೂರ ಇರೋದೂ ಒಂದು ಆರೈಕೆ, ಅದಕ್ಕೂ ಶ್ರಮ ಬೇಕು.

ಈ ನೀತೀನ ಗವಿರಂಗಯ್ಯ ಆವತ್ತು ಊಟಕ್ಕೆ ಕೂತಾಗ ಹೆಂಡತಿಗೂ ಹೇಳಿದ. ಗಂಗಲಕ್ಷ್ಮಿ ಪೂರ್ತಿ ಕೇಳಿಸಿಕೊಂಡು, ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು ಹೇಳಿದಳು:

"ಏನೂ ಮಾಡದೆ ಇದ್ದು ಇಷ್ಟು ಸೊರಗಿದ ಮನುಷ್ಯನ್ನ ನಾನು ನೋಡೇ ಇಲ್ಲ ರೀ. ಉಂಡು ಮಲ್ಕೊಳ್ಳಿ."