ಕ್ಯಾಮೆರಾ ಕಂಡ ಬಾಳಪ್ಪ

ಸುಮ್ಮನೆ ಕೂತು ಕೇಳಿ, ನಡುವೆ ಬಾಯಿ ಹಾಕಬೇಡಿ. ಬಾಳಪ್ಪನ ಕತೆ ಹೇಳುವಾಗ ನನಗೇ ನಿಂತಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ.

ಮೆಣಸಿನಕಾಯಿ ಪೇಟೆಯ ಊರು. ಅಲ್ಲಿ ಹಮಾಲರಿಗೆ ಇಡ್ಲಿ ಮಾರುವ ಫಕ್ಕೀರವ್ವ. ಅವಳಿಗೆ ಒಬ್ಬನೇ ಮಗ, ಬಾಳಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ಗೋಳು! ಗಾಡಿ ಪರೀಕ್ಷೆಯಲ್ಲಿ "ಎಂಟು ಹಾಕು" ಅಂದರು, ಹಾಕಿದ. "ಸಾಕು" ಅಂದರು, ನಿಲ್ಲಿಸಿದ. ಲೈಸನ್ಸ್ ಸಿಕ್ಕೇಬಿಟ್ಟಿತು.

ಪಾತ್ರೆ ಹೊತ್ತು ಹೊತ್ತು ಫಕ್ಕೀರವ್ವನ ಮೊಣಕಾಲು ಸೋತಿದ್ದವು. ಸಾಹುಕಾರ ಚನ್ನವೀರಪ್ಪ ಮಾತು ಕೊಟ್ಟಿದ್ದ: "ದೀಪಾವಳಿ ಆದಮ್ಯಾಲೆ ನನ್ನ ಟೆಂಪೋಕ್ಕ ಡ್ರೈವರ್ ಬೇಕು. ನಿನ್ನ ಮಗನ್ನ ಕಳಸು. ಆದರ ಅವನ ಮ್ಯಾಲೆ ಒಂದೂ ಕೇಸ್ ಇರಬಾರದು ನೋಡು!" ಮಗನಿಗೆ ಕೆಲಸ ಸಿಕ್ಕರೆ ಇಡ್ಲಿ ಬಿಟ್ಟು ಕಾಲು ಚಾಚಿ ಕೂರಬಹುದು. ಬೆಂಡೋಲೆ ಮಾರಿ ತನ್ನ ಹೆಸರಿಗೆ ಹಳೇ ಸ್ಕೂಟರೊಂದನ್ನು ಕೊಂಡಳು, ಮಗನ ಕೈ ಕುದುರಲಿ ಅಂತ. ತಾನೋ, ಹಿಂದೆ ಕೂತರೂ ಕಣ್ಣು ಮುಚ್ಚುವವಳು.

ಮೊದಲ ದಿನ ಪಾತ್ರೆ ಕಟ್ಟಿ ಹೇಳಿದಳು: "ಇಡ್ಲಿ ಆರ್ತಾವ. ಎಲ್ಲೂ ನಿಂದ್ರಬ್ಯಾಡ, ಸೀದಾ ಹೋಗು!"

ಸೀದಾ ಹೋದ. ಸಿಗ್ನಲ್ ಕೆಂಪಾಗಿತ್ತು, ನಿಲ್ಲಲಿಲ್ಲ. ಪೊಲೀಸ್ ಯಮನೂರಪ್ಪ ಸೀಟಿ ಊದಿದ, ನಿಲ್ಲಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ಮಿಂಚಿತು, ಆಗಲೂ ನಿಲ್ಲಲಿಲ್ಲ!

ಸುದ್ದಿ ಮುಟ್ಟಿದ್ದೇ ಫಕ್ಕೀರವ್ವ ಕೂಗಿದಳು: "ಅಯ್ಯೋ ನನ್ನ ಕರ್ಮ! ಕೆಂಪು ಕಂಡರ ನಿಂದ್ರಬೇಕೋ! ಹಸಿರು ಆಗೋತನಕ ಅಲುಗಾಡಬಾರದು!"

"ಆತು ಯವ್ವಾ."

ಮಾರನೇ ದಿನ ಪೇಟೆಯ ಬಾಗಿಲಲ್ಲಿ ಮೆಣಸಿನಕಾಯಿ ರಾಶಿ. ಕೆಂಪಗೆ, ಮಾಳಿಗೆ ಎತ್ತರ! ಬಾಳಪ್ಪ ನಿಂತ. ಹಿಂದೆ ಲಾರಿ ನಿಂತಿತು, ಚಕ್ಕಡಿ ನಿಂತಿತು, ಹಾರ್ನೋ ಹಾರ್ನು!

"ಸರಿಯಲೇ!"

"ತಡೀರಿ, ಇನ್ನೂ ಹಸಿರಾಗಿಲ್ಲ!"

ಹಮಾಲರು ಹಸಿದು ಬೇರೆ ಕಡೆ ತಿಂದರು. ಇಡ್ಲಿ ಕಲ್ಲಾದವು. ಫಕ್ಕೀರವ್ವ ಹಣೆ ಬಡಿದುಕೊಂಡಳು.

"ಒಣಗಿದ ಕಾಯಿ ಹಸಿರು ಹೆಂಗ ಆಗತೈತೋ? ಮುಂದಿನವರು ಹೆಂಗ ಹೋಗ್ತಾರೋ ನೋಡು, ಅವರ ಹಿಂದ ಹೋಗು!"

"ಆತು ಯವ್ವಾ."

ಮಾರನೇ ದಿನ ಮುಂದೆ ಇದ್ದದ್ದು ಎಮ್ಮೆ. ಎಮ್ಮೆ ತಿರುಗಿದರೆ ಇವನೂ ತಿರುಗಿದ. ಎಮ್ಮೆ ಒನ್‌ವೇ ಓಣಿಗೆ ಉಲ್ಟಾ ನುಗ್ಗಿತು, ಇವನೂ ನುಗ್ಗಿದ. ಕ್ಯಾಮೆರಾ ಮಿಂಚಿತು.

ಯಮನೂರಪ್ಪ ಕೀಲಿ ಕಿತ್ತುಕೊಂಡ. "ಎಮ್ಮಿಗೆ ನಂಬರ್ ಪ್ಲೇಟ್ ಇಲ್ಲೋ, ನಿನಗೈತಿ! ಮ್ಯಾಲೆ ಕ್ಯಾಮೆರಾ ನೋಡತಿರತೈತಿ. ಅದರ ಮುಂದ ಛಂದಾಗಿ ಇರು!"

"ಆತ್ರೀ ಸಾಹೇಬ್ರ," ಅಂದು ಬಾಳಪ್ಪ ಕೀಲಿ ವಾಪಸ್ ಇಸಿದುಕೊಂಡ.

ಇನ್ನೇನು ಮಾಡಿರಬೇಕು ಹೇಳಿ! ಮಾರನೇ ದಿನ ಕ್ಯಾಮೆರಾ ಕೆಳಗೆ ಬಂದವನು ಹೆಲ್ಮೆಟ್ ತೆಗೆದ, ಎರಡೂ ಕೈ ಬಿಟ್ಟು ತಲೆ ಬಾಚಿಕೊಂಡ, ಹಲ್ಲು ಕಿರಿದ. ಗಾಡಿ ತನ್ನ ಪಾಡಿಗೆ ಓಡುತ್ತಿತ್ತು. ಕ್ಯಾಮೆರಾ ಮಿಂಚಿತು.

"ಹೆಲ್ಮೆಟ್ ಯಾಕ ತಗದಿ? ದಾರ್ಯಾಗ ಹೆಲ್ಮೆಟ್ ಇಲ್ಲದ ತಲಿ ಇರಬಾರದೋ!" ಫಕ್ಕೀರವ್ವನ ದನಿಯೇ ಒಡೆದಿತ್ತು.

ದೀಪಾವಳಿ ಕಳೆಯಿತು. ಸಾಹುಕಾರ ತಾಯಿ ಮಗ ಇಬ್ಬರನ್ನೂ ಕೂರಿಸಿ ಬಾಳಪ್ಪನ ಕೈಗೆ ಮೊಬೈಲ್ ಕೊಟ್ಟ. "ಗಾಡಿ ನಂಬರ್ ಹಾಕು, ಕೇಸ್ ಇದ್ದರ ಕಾಣತಾವ. ನಿಂದು ನೀನ ನೋಡ್ಕೊ. ಏನೈತೋ ಮುಚ್ಚದ ಹೇಳು."

ಫಕ್ಕೀರವ್ವ ಸೆರಗು ಹಿಂಡುತ್ತ ಕೂತಳು. ಬಾಳಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಸಿಗ್ನಲ್ ದಾಟಿದ್ದು: ಮಾಲೀಕರು ಫಕ್ಕೀರವ್ವ. ಉಲ್ಟಾ ಹೋದದ್ದು: ಮಾಲೀಕರು ಫಕ್ಕೀರವ್ವ. ಹೆಲ್ಮೆಟ್ ಇಲ್ಲದ್ದು: ಅದಕ್ಕೂ ಫಕ್ಕೀರವ್ವ! ಅವನ ಕಣ್ಣಲ್ಲಿ ನೀರು ಬಂತು.

"ಯವ್ವಾ! ನನಗ ಬೈದು ಬೈದು ಇಷ್ಟೆಲ್ಲಾ ನೀನ ಮಾಡೀಯೇನ?"

"ಏನಂದಿ?"

"ಸಾಹುಕಾರ್ರ, ನನ್ನ ಹೆಸರಿಗೆ ಒಂದೂ ಇಲ್ಲ. ಎಲ್ಲಾ ನಮ್ಮವ್ವಂದು!"

"ಫೋಟೋದಾಗ ಹಲ್ಲು ಕಿರಿದಾಂವ ಯಾರಲೇ?"

"ನಾನ್ರೀ. ಛಂದ ಬಂದೀನಲ್ಲ?"

ಸಾಹುಕಾರ ಎದ್ದೇ ನಿಂತ. "ಇಷ್ಟು ತಪ್ಪು ಮಾಡಿದವರಿಗೆ ಟೆಂಪೋ ಕೊಡ್ಲೇನು? ಅಂಥವರನ್ನ ಗಾಡಿ ಮುಟ್ಟಗೊಡಬಾರದು! ನಡೀರಿ ಮನಿಗೆ!"

ಕೆಲಸ ಹೋಯಿತು. ಫಕ್ಕೀರವ್ವ ದಾರಿಯುದ್ದಕ್ಕೂ ಅತ್ತಳು. ಬಾಳಪ್ಪ ಮಾತ್ರ ಸಾಹುಕಾರನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬೆಳಗಾಯಿತು. ಫಕ್ಕೀರವ್ವ ಇಡ್ಲಿ ಪಾತ್ರೆ ತಂದು ಸ್ಕೂಟರಿನ ಮೇಲೆ ಇಡಹೋದಳು.

"ಮುಟ್ಟಬ್ಯಾಡ ಯವ್ವಾ! ತಪ್ಪು ಮಾಡಿದವರು ಮುಟ್ಟಬಾರದು. ನೀ ನಡಕೋತ ಬಾ. ಹೆಲ್ಮೆಟ್ ಇಲ್ಲದ ಕೇಸೂ ನಿಂದ ಐತಿ!"

ಹಾಗೆಂದವನು ತನ್ನ ಹೆಲ್ಮೆಟ್ ತೆಗೆದು ಅವಳ ತಲೆಗೆ ಹಾಕಿ ಬಿಗಿದ. ಅದರ ಮೇಲೆ ಪಾತ್ರೆ ಇಟ್ಟ. ಹಮಾಲರು ಕಾಯುತ್ತಿದ್ದರು, ಇಡ್ಲಿ ಆರುತ್ತಿದ್ದವು, ಏನು ಮಾಡಿಯಾಳು? ಮುಂದೆ ಹೆಲ್ಮೆಟ್ಟಿನ ಮೇಲೆ ಪಾತ್ರೆ ಹೊತ್ತು ಕುಂಟುತ್ತ ಅವ್ವ, ಹಿಂದೆ ಬರಿತಲೆಯಲ್ಲಿ ಸ್ಕೂಟರ್ ಮೇಲೆ ಮಗ. "ಎಡಕ್ಕ ನಡಿ! ಕೆಂಪು ಕಂಡರ ನಿಂದ್ರು! ಎಮ್ಮಿ ಹಿಂದ ಹೋಗಬ್ಯಾಡ!"

ಕಂಬದ ಕೆಳಗೆ ಬಂದರು. ಕ್ಯಾಮೆರಾ ಮಿಂಚಿತು.

ಬಾಳಪ್ಪ ಬರಿತಲೆ ಕೆರೆದುಕೊಂಡು ನಿಟ್ಟುಸಿರು ಬಿಟ್ಟ. "ನೋಡಿದೇನ ಯವ್ವಾ? ಮತ್ತ ನಿನ್ನ ಹೆಸರಿಗೆ ಬಂತು! ನಿನಗ ಎಷ್ಟು ಹೇಳಿದರೂ ಅಷ್ಟ!"